ಎಂಟು ಮೀಟರ್ ಆಚೆಯ ಕಣ್ಣು

ಕಾರಿನ ಹೆಡ್‌ಲೈಟಿಗೆ ಒಂದು ಗುರಿ ಇರುತ್ತದೆ, ಅದು ತಪ್ಪಬಹುದು, ತಪ್ಪಿದ್ದನ್ನು ಮನೆಯಂಗಳದಲ್ಲೇ ಒಂದು ಸ್ಕ್ರೂಡ್ರೈವರ್ ಹಿಡಿದು ಸರಿಮಾಡಬಹುದು ಎಂಬುದು ಕಾರು ಓಡಿಸುವ ಬಹಳಷ್ಟು ಜನಕ್ಕೆ ಗೊತ್ತಿರುವುದಿಲ್ಲ. ಲೈಟು ಎಂದರೆ ಉರಿಯಬೇಕು, ಅಷ್ಟೆ. ಉರಿಯದಿದ್ದರೆ ಬಲ್ಬು ಬದಲಿಸಬೇಕು, ಸಾಲದಿದ್ದರೆ ಇನ್ನೂ ಜೋರಾದ ಬಲ್ಬು ಹಾಕಿಸಬೇಕು, ಎದುರಿನವನದ್ದು ಕಣ್ಣಿಗೆ ಹೊಡೆದರೆ ಬೈಯಬೇಕು. ನಮ್ಮದು ಎದುರಿನವರ ಕಣ್ಣಿಗೆ ಹೊಡೆಯುತ್ತಿದೆಯೇ ಎಂದು ತಿಳಿಯುವುದು ಕಷ್ಟ. ನಾವು ಯಾವಾಗಲೂ ಅದರ ಹಿಂದೆಯೇ ಕೂತಿರುತ್ತೇವೆ.

ನಮ್ಮ ಮನೆಯ ಕಾರಿನದ್ದು ತಪ್ಪಿದೆ ಎಂದು ಗೊತ್ತಾದದ್ದು ಅಮ್ಮನಿಂದ. ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ ಕಾಡುಹಂದಿ ಅಡ್ಡ ಬಂದು ಬಂಪರು, ಬಲಗಡೆಯ ಲೈಟು ಎರಡೂ ಹೋದವು. ಗ್ಯಾರೇಜಿನವರು ಹೊಸ ಲೈಟು ಕೂರಿಸಿ, ಉರಿಯುತ್ತದೆಂದು ತೋರಿಸಿ, ಬಿಲ್ಲು ಕೊಟ್ಟು ಕಳಿಸಿದರು. ಆಮೇಲೆ ಅಪ್ಪ ರಾತ್ರಿ ಬಂದಾಗಲೆಲ್ಲ ಗೇಟು ತೆಗೆಯಲು ಹೋದ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಳ್ಳತೊಡಗಿದಳು. ಅಮ್ಮನ ಬಲಗಣ್ಣಿನ ಪೊರೆ ತೆಗೆಸಿ ಆಗಿದೆ, ಎಡಗಣ್ಣಿನದು ಆಗಬೇಕು. ಪೊರೆ ಬಂದ ಕಣ್ಣಿನೊಳಗೆ ಬೆಳಕು ಚೆದುರುತ್ತದೆ. ಚೆದುರಿದ ಬೆಳಕು ಕಾಣಬೇಕಾದ ಎಲ್ಲದರ ಮೇಲೂ ಒಂದು ಬಿಳಿ ತೆರೆ ಎಳೆಯುತ್ತದೆ. "ಆ ಲೈಟು ಹೊಡೆದ್ಮೇಲೆ ಗೇಟಿನ ಚಿಲಕವೂ ಕಾಣೂದಿಲ್ಲ ನಂಗೆ" ಎಂದಳು. ಅಪ್ಪ, "ಹೊಸ ಲೈಟಲ್ಲ, ಹಾಗೇ ಇರ್ತದೆ" ಎಂದ.

ಈ ಜಗಳಕ್ಕೆ ಕಾನೂನಿನಲ್ಲಿ ಉತ್ತರವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಹೇಳುವುದಿಷ್ಟು: ಲೈಟಿನಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಬೆಳಕು ಕೆಳಗೆ ಬಾಗಿರಬೇಕು, ಇಲ್ಲವೇ ಚಾಲಕ ಬಗ್ಗಿಸುವಂತಿರಬೇಕು. ನನಗೆ ಈ ವಾಕ್ಯ ಬಹಳ ಹಿಡಿಸಿತು. ಸರ್ಕಾರದ ಬರಹದಲ್ಲಿ ಸಾರ್ವಜನಿಕರು ಇರುತ್ತಾರೆ, ಅರ್ಜಿದಾರರು ಇರುತ್ತಾರೆ. ಕತ್ತಲಲ್ಲಿ ಇಂಥ ಜಾಗದಲ್ಲೇ ನಿಂತಿರುವ ಒಂದು ಕಣ್ಣು ಸಿಗುವುದು ಅಪರೂಪ. ಆ ಕಣ್ಣಿಗೆ ವಯಸ್ಸನ್ನು ಹೇಳಿಲ್ಲ ಎಂಬುದೊಂದೇ ನನ್ನ ತಕರಾರು. ನನ್ನ ಕಣ್ಣು ಸುಧಾರಿಸಿಕೊಳ್ಳುವಷ್ಟರಲ್ಲಿ ಅಮ್ಮನ ಕಣ್ಣು ಸುಧಾರಿಸಿಕೊಳ್ಳುವುದಿಲ್ಲ.

ದಸರೆ ರಜೆಗೆ ಊರಿಗೆ ಹೋದಾಗ ಕೆಲಸಕ್ಕೆ ಕೈಹಾಕಿದೆ. ಬೇಕಾದದ್ದು ಹೆಚ್ಚಿಲ್ಲ. ಒಂದು ಬಿಳಿ ಗೋಡೆ, ಅದಕ್ಕೆ ನೇರ ಎದುರಾಗಿ ಕಾರು ನಿಲ್ಲಿಸಲು 25 ಅಡಿ ಜಾಗ, ಅಳತೆ ಟೇಪು, ಕರೆಂಟಿನವರ ಕಪ್ಪು ಟೇಪು, ಕತ್ತಲೆ. ನಮ್ಮಲ್ಲಿ ಅಡಿಕೆ ಒಣಗಿಸುವ ಅಂಗಳವೂ ಅದರ ತುದಿಗೆ ಸುಣ್ಣ ಬಳಿದ ಕೊಟ್ಟಿಗೆ ಗೋಡೆಯೂ ಇವೆ. ಟೈರಿನ ಗಾಳಿ ಸರಿಯಿರಬೇಕು, ಡಿಕ್ಕಿ ಖಾಲಿ ಇರಬೇಕು, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಬೇಕು. ಅಪ್ಪ ಕೂತ. ಕೂತ ಮೇಲೆ ಎದ್ದ. "ಅಂಗಳ ಮಟ್ಟ ಇಲ್ಲ ಮಾರಾಯ್ತಿ, ನೀರು ಹರಿಯೂದಕ್ಕೆ ಅಂತ ನಾನೇ ಇಳಿಜಾರು ಕೊಡ್ಸಿದ್ದು" ಎಂದು ಗಾರೆಯವರು ಬಿಟ್ಟುಹೋಗಿದ್ದ ಟ್ಯೂಬ್ ಲೆವೆಲ್ ಹುಡುಕಿ ತಂದ. ಪಾರದರ್ಶಕ ಪೈಪಿನೊಳಗೆ ನೀರು. ಎರಡು ತುದಿಯಲ್ಲೂ ನೀರು ನಿಂತ ಮಟ್ಟವೇ ನಿಜವಾದ ಮಟ್ಟ. ಗೋಡೆಯ ಕಡೆಗೆ ನೆಲ ನಾಲ್ಕು ಬೆರಳು ಇಳಿದಿತ್ತು.

ಆದರೆ ಇಳಿಜಾರು ಒಂದೇ ಸಮ ಇದ್ದರೆ ಚಿಂತೆಯಿಲ್ಲ. ಕಾರೂ ಅದೇ ಇಳಿಜಾರಿನ ಮೇಲೇ ನಿಂತಿರುತ್ತದಲ್ಲ. ಗೋಡೆಯ ಬುಡದ ನೆಲದಿಂದಲೇ ಎತ್ತರ ಅಳೆದರಾಯಿತು. ಹೆಡ್‌ಲೈಟಿಗೆ ಭೂಮಿಯ ಮಟ್ಟ ಬೇಕಿಲ್ಲ, ತನ್ನ ಚಕ್ರದ ಕೆಳಗಿನ ರಸ್ತೆಯ ಮಟ್ಟ ಸಾಕು. ಇದನ್ನು ಅಪ್ಪನಿಗೆ ಒಪ್ಪಿಸಲು ಎರಡು ಲೋಟ ಚಹಾ ಬೇಕಾಯಿತು.

ಲೈಟಿನ ನಡುಮಧ್ಯ ನೆಲದಿಂದ 66 ಸೆಂ.ಮೀ. ಇತ್ತು. ನಮ್ಮ ಕಾರಿಗೆ ಹೇಳಿರುವ ಇಳಿತ ಶೇ. 1, ಅಂದರೆ 10 ಮೀಟರಿಗೆ 10 ಸೆಂ.ಮೀ. ನಮ್ಮ ಏಳೂವರೆ ಮೀಟರಿಗೆ ಏಳೂವರೆ ಸೆಂ.ಮೀ. ಹಾಗಾಗಿ ಗೋಡೆಯ ಮೇಲೆ 58.5ಕ್ಕೆ ಅಡ್ಡ ಟೇಪು, ಎರಡು ಲೈಟಿನ ನೇರಕ್ಕೆ ಎರಡು ಉದ್ದ ಟೇಪು. ಡಿಮ್ ಹಾಕಿ, ಒಂದು ಲೈಟಿಗೆ ಸ್ವಲ್ಪ ಹೊತ್ತು ಗೋಣಿಚೀಲ ಅಡ್ಡ ಹಿಡಿದು, ಇನ್ನೊಂದನ್ನು ನೋಡಬೇಕು.

ಗೋಡೆಯ ಮೇಲೆ ಬೀಳುವ ಆ ಬೆಳಕನ್ನು ನಾನು ಅಷ್ಟು ಗಮನವಿಟ್ಟು ಎಂದೂ ನೋಡಿರಲಿಲ್ಲ. ಅದು ಗುಂಡಗಿರುವುದಿಲ್ಲ. ಮೇಲೆ ಕತ್ತಲೆ, ಕೆಳಗೆ ಬೆಳಕು, ನಡುವೆ ಚಾಕುವಿನಲ್ಲಿ ಕೊಯ್ದಂಥ ಗೆರೆ. ಬಲಕ್ಕೆ ಆ ಗೆರೆ ಮಲಗಿರುತ್ತದೆ. ಎದುರಿನ ವಾಹನ ಬರುವುದು ಆ ಕಡೆಯಿಂದ. ಎಡಕ್ಕೆ 15 ಡಿಗ್ರಿ ಮೇಲೇಳುತ್ತದೆ. ಎಡಕ್ಕೆ ರಸ್ತೆಯ ಅಂಚು: ಅಲ್ಲಿ ಡೇರಿಗೆ ಹಾಲು ಒಯ್ಯುವವರು, ಬಸ್ಸಿಗೆ ಕಾಯುವವರು, ಸೈಕಲ್ಲಿನವರು. ಯಾರನ್ನು ನೋಡಬೇಕು, ಯಾರನ್ನು ಕುರುಡಾಗಿಸಬಾರದು ಎಂಬ ಲೆಕ್ಕವನ್ನು ಒಂದು ಗಾಜಿನೊಳಗೆ ಬಗೆಹರಿಸಿ ಇಟ್ಟಿದ್ದಾರೆ. ಬಲಕ್ಕೆ ವಾಹನ ಓಡಿಸುವ ದೇಶಗಳಲ್ಲಿ ಇದು ತಿರುಗುಮುರುಗು. ಫ್ರಾನ್ಸಿನಿಂದ ಇಂಗ್ಲೆಂಡಿಗೆ ಕಾರು ತರುವವರು ಲೈಟಿನ ಮೇಲೆ ಅದಕ್ಕೆಂದೇ ಸ್ಟಿಕರು ಅಂಟಿಸಿಕೊಳ್ಳುತ್ತಾರೆ. ನಮ್ಮ ಲಾರಿ ಬಸ್ಸುಗಳ ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದದ್ದೂ ಎದುರಿನವರ ಕಣ್ಣಿಗಾಗಿಯೇ, ಒರಟು ಕೆಲಸವಾದರೂ.

ಎಡಗಡೆಯ ಹಳೆಯ ಲೈಟಿನ ಗೆರೆ ಟೇಪಿನ ಮೇಲೇ ಕೂತಿತ್ತು. ಬಲಗಡೆಯದು ಒಂದು ಗೇಣಿಗೂ ಮೇಲೆ. ಲೈಟಿನ ಹಿಂದೆ, ಬ್ಯಾಟರಿಯ ಸಂದಿಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಹಲ್ಲುಚಕ್ರವಿದೆ. ಉದ್ದದ ಸ್ಕ್ರೂಡ್ರೈವರ್ ಇಳಿಸಿ ತಿರುಗಿಸಿದರೆ ಗೆರೆ ಬಹಳ ನಿಧಾನಕ್ಕೆ ಇಳಿಯುತ್ತದೆ. ಎಷ್ಟು ನಿಧಾನವೆಂದರೆ ಬೇಲಿಯಾಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯ ಚಿಕ್ಕಪ್ಪ, "ಪಿಎಚ್‌.ಡಿ. ಅಂದ್ರೆ ಇದೇನಾ ಮಗಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಊಟಕ್ಕೆ ಹೋದರು.

ಗೇಣು ಸಣ್ಣದು ಅನ್ನಿಸಬಹುದು. ಆದರೆ ಒಂದೇ ಒಂದು ಡಿಗ್ರಿ ಮೇಲೆದ್ದ ಬೆಳಕು 50 ಮೀಟರ್ ಆಚೆ ಇರಬೇಕಾದ್ದಕ್ಕಿಂತ 87 ಸೆಂ.ಮೀ. ಮೇಲಿರುತ್ತದೆ. ಎದುರು ಬರುವವರ ಕಣ್ಣು ಆ ಎತ್ತರದಲ್ಲೇ ಸಿಗುವುದು.

ಅಪ್ಪನಿಗೆ ಸಮಾಧಾನವಿಲ್ಲ. "ಇಷ್ಟು ಕೆಳಗಿಳಿಸಿದ್ರೆ ಎಂತ ಕಾಣ್ತದೆ? ಕಾಟಿ ಬಂದ್ರೆ?" ಇದು ನಗುವ ಪ್ರಶ್ನೆಯಲ್ಲ, ಹಂದಿಗೇ ಬಂಪರು ಹೋಗಿದೆ. 66 ಸೆಂ.ಮೀ. ಎತ್ತರದಿಂದ ಶೇ. 1ರಷ್ಟು ಇಳಿಯುವ ಗೆರೆ ನೆಲ ಮುಟ್ಟುವುದು 66 ಮೀಟರಿಗೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿಗೇ ಸುಮಾರು 17 ಮೀಟರ್, ಒಣ ರಸ್ತೆಯಲ್ಲಿ ನಿಲ್ಲಲು ಇನ್ನೊಂದು 20. ಲೆಕ್ಕ ಹೇಳಿದೆ. "ಮಳೆಗಾಲಕ್ಕೆ?" ಎಂದ. ಮಳೆಗಾಲಕ್ಕೆ ಆ 20 ಬೆಳೆಯುತ್ತದೆ. ಅಪ್ಪನ ಭಯ ಸುಳ್ಳೆಂದು ನಾನು ಹೇಳಲಾರೆ. ಎದುರು ಯಾರೂ ಇಲ್ಲದಾಗ ಹೈ ಬೀಮ್ ಹಾಕು, ಬಂದಾಗ ಇಳಿಸು ಎಂದಷ್ಟೇ ಹೇಳಬಹುದು. ಡಿಮ್ ಅನ್ನೇ ಎತ್ತಿ ಕೂರಿಸಿದರೆ ಇಳಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಕೊನೆಗೆ ಅಮ್ಮನನ್ನು ಕರೆದೆವು. ಟೇಪು ಹಿಡಿದು 8 ಮೀಟರ್ ಅಳೆದು, ಅರ್ಧ ಮೀಟರ್ ಬಲಕ್ಕೆ ಸರಿಸಿ ನಿಲ್ಲಿಸಿದೆ. ಅಮ್ಮನ ಕಣ್ಣು ನಿಯಮದ ಕಣ್ಣಿಗಿಂತ ಸ್ವಲ್ಪ ಗಿಡ್ಡ. ಅಡಿಕೆ ಸುಲಿಯುವ ಮಣೆಯ ಮೇಲೆ ಹತ್ತಿಸಿದೆ. ಎಡಗಣ್ಣೊಂದನ್ನೇ ತೆರೆದು ನೋಡಿದಳು. "ನಂಬರ್ ಪ್ಲೇಟು ಕಾಣ್ತದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪನ ಮುಖವೂ" ಎಂದಳು.

ಮಾರನೆಯ ವಾರ ಎರಡು ಚೀಲ ಅಡಿಕೆ ಹಿಂದೆ ಹಾಕಿಕೊಂಡು ಮಂಡಿಗೆ ಹೊರಟಾಗ ಇನ್ನೊಂದು ಸಂಗತಿ ಹೊಳೆಯಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 2.4 ಮೀಟರ್. ಹಿಂಬದಿ 3 ಸೆಂ.ಮೀ. ಕುಸಿದರೆ ಬೆಳಕು ಶೇ. 1.25 ಮೇಲೇಳುತ್ತದೆ, ರಾತ್ರಿಯೆಲ್ಲ ಇಳಿಸಿದ ಶೇ. 1 ಅಲ್ಲಿಗೆ ಮುಗಿಯಿತು. ಅದಕ್ಕೆಂದೇ ಸ್ಟೇರಿಂಗ್ ಪಕ್ಕದಲ್ಲಿ 0ಯಿಂದ 3ರವರೆಗೆ ಬರೆದ ಸಣ್ಣ ಗುಂಡಿ ಇರುತ್ತದೆ. ಹೇರು ಹೆಚ್ಚಿದಂತೆ ಅದನ್ನು ತಿರುಗಿಸಿ ಲೈಟು ಇಳಿಸಬೇಕು. "ಅದು ಏಸಿದು ಅಂದ್ಕೊಂಡಿದ್ದೆ" ಎಂದ ಅಪ್ಪ.

ಪಕ್ಕದ ಮನೆಯ ಚಿಕ್ಕಪ್ಪ ಒಂದು ಸಂಜೆ ತಮ್ಮ ಜೀಪು ತಂದು ಅದೇ ಗೋಡೆಗೆ ನಿಲ್ಲಿಸಿದರು. ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿದ್ದರು. ಆ ಹಳೆಯ ಬಲ್ಬಿನಲ್ಲಿ ಡಿಮ್‌ನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿರುತ್ತದೆ. ಬೆಳಕು ಕನ್ನಡಿಯ ಮೇಲರ್ಧಕ್ಕೆ ಮಾತ್ರ ಬಿದ್ದು ರಸ್ತೆಗೆ ಇಳಿಯಲೆಂದು ಕೆಳಕ್ಕೆ ಅಡ್ಡ ಹಿಡಿಯುವುದೇ ಅದರ ಕೆಲಸ. ಆ ತಂತಿ ಇರುವ ಜಾಗಕ್ಕೆ ಹೊಂದಿಸಿ ಮಾಡಿದ ಕನ್ನಡಿಯೊಳಗೆ ಬೇರೆ ಆಕಾರದ ದೀಪ ಕೂರಿಸಿದರೆ ಏನಾಗುತ್ತದೆಂದು ಅಂದು ನೋಡಿದೆ. ಗೋಡೆ ತುಂಬ ಬೆಳಕು, ಹೆಂಚಿನವರೆಗೂ ಬೆಳಕು, ಗೆರೆ ಎಲ್ಲೂ ಇಲ್ಲ. ಸ್ಕ್ರೂ ಎಷ್ಟು ತಿರುಗಿಸಿದರೂ ಆ ಬೆಳಕು ಗುಡ್ಡೆಯಾಗಿಯೇ ಮೇಲೆ ಕೆಳಗೆ ಹೋಯಿತು.

"ನಂಗೆ ಭಾರೀ ಲಾಯ್ಕ ಕಾಣ್ತದಲ್ಲ ಮಗಾ" ಎಂದರು ಚಿಕ್ಕಪ್ಪ.

ಮಣೆ ಇನ್ನೂ ಅಂಗಳದಲ್ಲೇ ಇತ್ತು. ಅಮ್ಮ ಅದನ್ನು ಜೀಪಿನ ಮುಂದೆ ಎಳೆದಿಟ್ಟು, "ನೀವೊಮ್ಮೆ ಇಲ್ಲಿ ಬಂದು ನಿಲ್ಲಿ ನೋಡುವ" ಎಂದಳು. ಅವರು ನಗುತ್ತ ಹೋಗಿ ನಿಂತರು. ಒಂದು ಕೈ ಹುಬ್ಬಿನ ಮೇಲೆ ಹೋಯಿತು, ಆಮೇಲೆ ಎರಡನೆಯದೂ. ಕೆಳಗಿಳಿದು ಬಂದವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಹಳೇ ಬಲ್ಬು ಬಿಸಾಡ್ಲಿಲ್ಲ, ಅಟ್ಟದ ಮೇಲೆ ಇರ್ಬೇಕು" ಎಂದರು.