ಕ್ಯಾನಿನ ಕೊಂಡಿ, ರಸ್ತೆಯ ಬಿಳಿ ಗೆರೆ

ದ್ವಿತೀಯ ಪಿಯುಸಿ ಬಿಸಿನೆಸ್ ಸ್ಟಡೀಸ್‌ನ ಮಾರ್ಕೆಟಿಂಗ್ ಅಧ್ಯಾಯದಲ್ಲಿ ಪ್ಯಾಕೇಜಿಂಗ್ ಬಗ್ಗೆ ಒಂದು ಭಾಗವಿದೆ. ಪೊಟ್ಟಣವು ತೆರೆಯಲು, ಹಿಡಿಯಲು, ಬಳಸಲು ಅನುಕೂಲವಾಗಿರಬೇಕು ಎಂದು ಅಲ್ಲಿ ಒಂದು ಅಂಶ ಬರುತ್ತದೆ. ಪರೀಕ್ಷೆಯಲ್ಲಿ ಬರೆದರೆ ಹೆಚ್ಚೆಂದರೆ ಒಂದು ಅಂಕ. ನಮ್ಮ ಅಬ್ಬಾ ಪಡುಬಿದ್ರಿಯಲ್ಲಿ ಸಣ್ಣದೊಂದು ಕೂಲ್ ಡ್ರಿಂಕ್ಸ್ ಅಂಗಡಿ ಇಟ್ಟುಕೊಂಡಿರುವುದರಿಂದ ಈ ಒಂದು ಅಂಕದ ವಿಷಯವನ್ನು ನಾನು ದಿನಾ ಸಂಜೆ ಕಣ್ಣಾರೆ ನೋಡುತ್ತೇನೆ. ಗಿರಾಕಿ ಕ್ಯಾನ್ ತೆಗೆದುಕೊಳ್ಳುತ್ತಾರೆ, ಬೆರಳಿನಿಂದ ಕೊಂಡಿ ಎತ್ತುತ್ತಾರೆ, ಟಿಸ್ ಎಂದು ಶಬ್ದ ಬರುತ್ತದೆ, ಮುಗಿಯಿತು. ಎರಡು ಸೆಕೆಂಡಿನ ಕೆಲಸ. ಈ ಎರಡು ಸೆಕೆಂಡಿಗಾಗಿ ಎಷ್ಟು ಜನ ಎಷ್ಟು ವರ್ಷ ತಲೆಕೆಡಿಸಿಕೊಂಡಿದ್ದಾರೆ ಎಂದು ಓದಿದಾಗ ನನಗೆ ನಿಜವಾಗಿ ಆಶ್ಚರ್ಯವಾಯಿತು.

ತವರದ ಡಬ್ಬಿಯಲ್ಲಿ ಆಹಾರ ಕೆಡದಂತೆ ಇಡುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ಪೇಟೆಂಟ್ ಪಡೆದದ್ದು 1810ರಲ್ಲಿ. ಅಂಥ ಡಬ್ಬಿ ತೆರೆಯುವ ಸಾಧನಕ್ಕೆ ಅಮೆರಿಕದ ಎಜ್ರಾ ವಾರ್ನರ್ ಪೇಟೆಂಟ್ ಪಡೆದದ್ದು 1858ರಲ್ಲಿ. ನಡುವಿನ ವರ್ಷಗಳಲ್ಲಿ ಹೆಚ್ಚಿನವರಿಗೆ ಉಳಿ, ಸುತ್ತಿಗೆಯೇ ಗತಿ. ಮುಚ್ಚುವವನು ಮೊದಲು ಹುಟ್ಟಿದ, ತೆರೆಯುವವನು ಎಷ್ಟೋ ವರ್ಷ ತಡವಾಗಿ ಬಂದ.

ತಂಪು ಪಾನೀಯದ ಕ್ಯಾನಿನದ್ದೂ ಹಾಗೆಯೇ. ಮೊದಲಿಗೆ ಅದರ ತಲೆ ಚಪ್ಪಟೆಯಾಗಿತ್ತು, ಚೂಪಾದ ಓಪನರ್‌ನಿಂದ ತೂತು ಮಾಡಬೇಕಿತ್ತು. 1959ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಎರ್ಮಲ್ ಫ್ರೇಜ್ ಎಂಬವರು ಪಿಕ್‌ನಿಕ್‌ಗೆ ಹೋದಾಗ ಓಪನರ್ ಮರೆತು, ಕಾರಿನ ಬಂಪರ್‌ಗೆ ಕುಟ್ಟಿ ಕ್ಯಾನ್ ತೆರೆದರಂತೆ. ಅವರು ಟೂಲ್ ತಯಾರಿಸುವ ಕಾರ್ಖಾನೆಯ ಮಾಲೀಕರು, ಲೋಹದ ಗುಣ ಬಲ್ಲವರು. ಕೊಂಡಿಯನ್ನು ಮುಚ್ಚಳಕ್ಕೆ ಕೂಡಿಸಲು ತೂತು ಮಾಡಿದರೆ ಗ್ಯಾಸ್ ಹೊರಗೆ ಹೋಗುತ್ತದೆ. ಅದಕ್ಕೆ ಅವರು ಮುಚ್ಚಳದ ತಗಡನ್ನೇ ಗುಳ್ಳೆಯಂತೆ ಎಬ್ಬಿಸಿ, ಅದರಿಂದಲೇ ರಿವೆಟ್ ಮಾಡಿ, ಕೊಂಡಿಯನ್ನು ಅದರಲ್ಲಿ ಸಿಕ್ಕಿಸಿದರು. ತೂತೇ ಇಲ್ಲ. ಮುಂದಿನ ಸಲ ಕ್ಯಾನ್ ಕೈಗೆ ಬಂದಾಗ ಕೊಂಡಿಯ ನಡುವಿನ ಆ ಚಿಕ್ಕ ಗುಂಡಿಯನ್ನು ನೋಡಿ. ಇಂದಿಗೂ ಅದೇ ಉಪಾಯ.

ಆದರೆ ಆ ಕಾಲದ ಕೊಂಡಿ ಎಳೆದರೆ ತುಂಡಾಗಿ ಕೈಗೆ ಬರುತ್ತಿತ್ತು. ಕೈಗೆ ಬಂದದ್ದನ್ನು ಜನ ಏನು ಮಾಡುತ್ತಾರೆ? ಎಸೆಯುತ್ತಾರೆ. ಸಮುದ್ರ ದಂಡೆಯಲ್ಲಿ, ಪಾರ್ಕಿನಲ್ಲಿ, ರಸ್ತೆ ಬದಿಯಲ್ಲಿ ಚೂಪು ಅಂಚಿನ ಕೊಂಡಿಗಳು ಬಿದ್ದು ಬರಿಗಾಲಿನವರ ಪಾದ ಕೊಯ್ದವು. ಕೆಲವರು ಕೊಂಡಿಯನ್ನು ಕ್ಯಾನಿನೊಳಗೇ ಹಾಕಿ, ಕುಡಿಯುವಾಗ ನುಂಗಿದರು. 1971ರಲ್ಲಿ ಆರಿಗನ್ ರಾಜ್ಯ ಇಂಥ ಕೊಂಡಿಯ ವಿರುದ್ಧ ಕಾನೂನು ತಂದಿತು. ಕೊನೆಗೆ 1975ರ ಹೊತ್ತಿಗೆ ರೆನಾಲ್ಡ್ಸ್ ಮೆಟಲ್ಸ್ ಕಂಪನಿಯ ಡೇನಿಯಲ್ ಕುಡ್ಜಿಕ್ ಎಂಬ ಎಂಜಿನಿಯರ್ ರೂಪಿಸಿದ ಮುಚ್ಚಳ ಮಾರುಕಟ್ಟೆಗೆ ಬಂತು. ಕೊಂಡಿ ಎತ್ತಿದರೆ ತಗಡಿನ ನಾಲಿಗೆ ಒಳಗೆ ಬಾಗುತ್ತದೆ, ಆದರೆ ನಾಲಿಗೆಯೂ ಕೊಂಡಿಯೂ ಕ್ಯಾನಿಗೇ ಅಂಟಿಕೊಂಡಿರುತ್ತವೆ. ಅಬ್ಬಾನ ಅಂಗಡಿಯಲ್ಲಿ ಖಾಲಿ ಕ್ಯಾನ್‌ಗಳು ಗೋಣಿಗೆ ಹೋಗಿ, ಗೋಣಿ ಗುಜರಿಗೆ ಹೋಗುವಾಗ ಕೊಂಡಿಯೂ ಜೊತೆಗೇ ಹೋಗುತ್ತದೆ. ಅದಿರಿನಿಂದ ಹೊಸ ಅಲ್ಯುಮಿನಿಯಂ ಮಾಡುವುದಕ್ಕಿಂತ ಹಳೆಯದನ್ನು ಕರಗಿಸಿದರೆ ಸುಮಾರು 95 ಶೇಕಡಾ ಶಕ್ತಿ ಉಳಿಯುತ್ತದೆಯಂತೆ. ಹಾಗಾಗಿಯೇ ಇರಬೇಕು, ಗುಜರಿಯವನು ಪ್ಲಾಸ್ಟಿಕ್ ಬಾಟಲಿ ಬಗ್ಗೆ ಚೌಕಾಸಿ ಮಾಡಿದರೂ ಕ್ಯಾನ್ ಬಗ್ಗೆ ಮಾತಾಡುವುದಿಲ್ಲ.

ಇದನ್ನೆಲ್ಲ ಅಬ್ಬಾಗೆ ಹೇಳಿದೆ. ಅವರು ಫ್ರಿಜ್ಜಿನ ಪಕ್ಕದ ಕ್ರೇಟ್ ತೋರಿಸಿ, "ಇದರ ಗೋಲಿ ಎಲ್ಲಿಗೆ ಹೋಗುತ್ತದೆ ಬೇಟಾ?" ಎಂದು ಕೇಳಿದರು. ಗೋಲಿ ಸೋಡಾ! ಇಂಗ್ಲೆಂಡಿನ ಹೈರಮ್ ಕಾಡ್ ಈ ಬಾಟಲಿಗೆ ಪೇಟೆಂಟ್ ಪಡೆದದ್ದು 1872ರಲ್ಲಿ. ಒಳಗಿನ ಗ್ಯಾಸೇ ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಒತ್ತಿ ತೆರೆದರೆ ಗೋಲಿ ಕೆಳಗಿಳಿದು ಬಾಟಲಿಯ ಕುತ್ತಿಗೆಯಲ್ಲೇ ಕೂರುತ್ತದೆ. ಎಸೆಯಲು ಏನೂ ಇಲ್ಲ. ಕುಡ್ಜಿಕ್‌ಗಿಂತ ನೂರು ವರ್ಷ ಮೊದಲೇ ಒಬ್ಬರು ಈ ಲೆಕ್ಕ ಮುಗಿಸಿದ್ದರು. ನಮ್ಮ ಪಡುಬಿದ್ರಿ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಅದಕ್ಕೆ 33 ಮಾನದಂಡಗಳಿವೆ. ತುಂಡಾಗುವ ಕೊಂಡಿಯ ಕಾಲದಲ್ಲಿ ಆ ಮರಳನ್ನು ಗುಡಿಸುವವರ ಪಾಡು ಏನಾಗುತ್ತಿತ್ತೋ ಎಂದು ಅಲ್ಲಿಗೆ ಹೋದಾಗಲೆಲ್ಲ ಯೋಚನೆ ಬರುತ್ತದೆ.

ಫ್ರೇಜ್ ತೆರೆಯುವುದರ ಬಗ್ಗೆ ಯೋಚಿಸಿದರು, ಕುಡ್ಜಿಕ್ ತೆರೆದ ನಂತರದ ಬಗ್ಗೆ. ನನಗೆ ಎರಡನೆಯವರೇ ಹೆಚ್ಚು ಇಷ್ಟ. ಯಾಕೆಂದರೆ "ನಂತರ ಏನು" ಎಂಬ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ ಏನಾಗುತ್ತದೆ ಎಂದು ನಮ್ಮ ಮನೆಯವರಿಗೆ ಅಂಗಡಿಯ ಎದುರಿನ ರಸ್ತೆ ತೋರಿಸಿಕೊಟ್ಟಿದೆ.

ನಮ್ಮ ದಾದಿಗೆ ವಯಸ್ಸು ಎಪ್ಪತ್ತು ದಾಟಿದೆ. ದಾದಿ ಎಂದರೆ ನಮ್ಮ ಮನೆಯಲ್ಲಿ ಅಬ್ಬಾನ ಅಮ್ಮ, ನರ್ಸ್ ಅಲ್ಲ. ಅವರ ಕಣ್ಣಿನ ಪೊರೆ ತೆಗೆಸಿದ ಮೇಲೆ ಮಧ್ಯಾಹ್ನ ಅಬ್ಬಾಗೆ ಊಟ ತರುವ ಕೆಲಸವನ್ನು ಅವರೇ ವಹಿಸಿಕೊಂಡರು. ಮನೆ ರಸ್ತೆಯ ಆಚೆ, ಅಂಗಡಿ ಈಚೆ. ನಡುವೆ ಒಂದು ಝೀಬ್ರಾ ಕ್ರಾಸಿಂಗ್. ದಾದಿ ರಸ್ತೆ ದಾಟುವ ರೀತಿಯೇ ಬೇರೆ: ವಾಹನ ನೋಡುವುದಿಲ್ಲ, ತಲೆ ಬಗ್ಗಿಸಿ ಬಿಳಿ ಪಟ್ಟಿ ನೋಡಿಕೊಂಡು ನಡೆಯುತ್ತಾರೆ. ಪಟ್ಟಿ ಇದ್ದಷ್ಟು ದಿನ ವಾಹನಗಳೂ ನಿಧಾನಿಸುತ್ತಿದ್ದವು. ಎರಡು ಮಳೆಗಾಲ ಕಳೆಯುವುದರೊಳಗೆ ಪಟ್ಟಿಗಳು ಸವೆದವು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ, ಅದರ ಮೇಲೆ ಲಾರಿಗಳ ಚಕ್ರ. ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ ದಾದಿ ರಸ್ತೆಯ ನಡುವೆ ನಿಂತುಬಿಟ್ಟರು. ಮುಂದಿನ ಪಟ್ಟಿ ಕಾಣಲಿಲ್ಲವಂತೆ. ಬೈಕೊಂದು ಬ್ರೇಕ್ ಹಾಕಿತು, ತಾಗಲಿಲ್ಲ. ಆದರೆ ಹೆದರಿ ಹಿಂದೆ ಸರಿದ ದಾದಿ ಬಿದ್ದು ಮಣಿಕಟ್ಟು ಮುರಿಯಿತು. ಟಿಫಿನ್ ಕ್ಯಾರಿಯರ್ ಉರುಳಿ ಸಾರು ರಸ್ತೆ ಪಾಲು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ರಾತ್ರಿ ಅವರು ಹೇಳಿದ್ದು ಇಷ್ಟೇ: "ಆಂಖಾಂ ತೋ ಬನಾ ದಿಯೇ, ಅಬ್ ರಸ್ತಾ ಕೌನ್ ಬನಾತಾ?" ಕಣ್ಣೇನೋ ಸರಿ ಮಾಡಿಕೊಟ್ಟರು, ಇನ್ನು ರಸ್ತೆ ಸರಿ ಮಾಡುವವರು ಯಾರು ಎಂದು.

ಅಬ್ಬಾ ಕನ್ನಡ, ತುಳು ಎರಡನ್ನೂ ಸಲೀಸಾಗಿ ಮಾತಾಡುತ್ತಾರೆ, ಆದರೆ ಬರೆಯುವುದು ಉರ್ದುವಿನಲ್ಲಿ. ಅರ್ಜಿ ನಾನು ಬರೆದೆ. ಕಚೇರಿಯಲ್ಲಿ ತೆಗೆದುಕೊಂಡವರು ಮರ್ಯಾದೆಯಿಂದಲೇ, "ಮಳೆ ಪೂರ್ತಿ ನಿಲ್ಲಲಿ, ಒದ್ದೆ ರಸ್ತೆಗೆ ಬಣ್ಣ ಹಿಡಿಯುವುದಿಲ್ಲ ಮಾರಾಯ್ರೇ" ಎಂದರು. ಅದು ನಿಜ ಕೂಡ.

ಡಿಸೆಂಬರ್‌ನಲ್ಲಿ ಒಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಬಣ್ಣದವರು ಬಂದರು. ಏಳು ಜನ, ಒಂದು ಸಣ್ಣ ಲಾರಿ. ಹೆಚ್ಚಿನವರು ಬಿಹಾರದವರು, ನಮ್ಮ ಮನೆಮಾತು ಅಂದು ಕೆಲಸಕ್ಕೆ ಬಂತು. ಅಬ್ಬಾ ಎಲ್ಲರಿಗೂ ಚಹಾ ಮಾಡಿ ಕೊಟ್ಟರು, ನಾನು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಿದೆ. ಅದು ಡಬ್ಬಿಯ ಪೇಂಟ್ ಅಲ್ಲವೇ ಅಲ್ಲ. ಚೀಲಗಳಲ್ಲಿ ಬರುವ ಬಿಳಿ ಪುಡಿ, ಥರ್ಮೋಪ್ಲಾಸ್ಟಿಕ್. ಅದನ್ನು ಲಾರಿಯ ಮೇಲಿನ ಹಂಡೆಯಂಥ ಪಾತ್ರೆಯಲ್ಲಿ ಗ್ಯಾಸ್ ಉರಿಯಿಂದ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಕರಗಿಸುತ್ತಾರೆ. ನೀರು ದೋಸೆಯ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಅದನ್ನು ತಳ್ಳುವ ಗಾಡಿಗೆ ಸುರಿದು ಒಬ್ಬ ಹಿಡಿದು ನಡೆದರೆ ಹಿಂದೆ ಗೆರೆ ಮೂಡುತ್ತದೆ. ದಪ್ಪ 2.5 ಮಿ.ಮೀ. ಇರಬೇಕು. ಬಿಸಿ ಆರುವ ಮೊದಲೇ ಅದರ ಮೇಲೆ ಗಾಜಿನ ಸಣ್ಣ ಮಣಿ ಉದುರುತ್ತದೆ, ಚದರ ಮೀಟರಿಗೆ 250 ಗ್ರಾಂ. ನಾನು ಸ್ವಲ್ಪ ಕೇಳಿ ಅಂಗೈಗೆ ಹಾಕಿಸಿಕೊಂಡೆ. ಸಣ್ಣ ರವೆಯಂತೆ ಜಾರುತ್ತದೆ. ರಾತ್ರಿ ಹೆಡ್‌ಲೈಟಿನ ಬೆಳಕು ಈ ಮಣಿಯೊಳಗೆ ಹೊಕ್ಕು, ತಿರುಗಿ ಚಾಲಕನ ಕಣ್ಣಿಗೇ ಬರುತ್ತದೆ. ಮಳೆ ನೀರು ಮಣಿಗಳ ಮೇಲೆ ನಿಂತರೆ ಬೆಳಕು ಹಾಗೆ ಮರಳುವುದಿಲ್ಲ. ಅದಕ್ಕೇ ಮಳೆಗಾಲದ ರಾತ್ರಿ ಇದ್ದ ಗೆರೆಯೂ ಕಾಣುವುದಿಲ್ಲ.

ಇಂಗ್ಲೆಂಡಿನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಪಡೆದ ಕ್ಯಾಟ್ಸ್ ಐ ಈ ತೊಂದರೆಗೆ ಉತ್ತರ ಕಂಡುಕೊಂಡಿತ್ತು. ಚಕ್ರ ಹತ್ತಿದಾಗ ಗಾಜಿನ ಕಣ್ಣು ಕೆಳಗೆ ಕುಸಿದು, ರಬ್ಬರ್ ಅದನ್ನು ಒರೆಸುತ್ತದೆ. ತನ್ನ ಕಣ್ಣು ತಾನೇ ಒರೆಸಿಕೊಳ್ಳುವ ವಸ್ತು! ಬಿಳಿ ಗೆರೆಗೆ ಆ ಭಾಗ್ಯವಿಲ್ಲ. ಅದರ ಬಳಿಗೆ ಮನುಷ್ಯರೇ ಮತ್ತೆ ಬರಬೇಕು.

ಮತ್ತೆ ಬರುವುದೇ ಕಷ್ಟದ ಕೆಲಸ ಎಂದು ಗಾಡಿ ತಳ್ಳುವ ಅಣ್ಣ ಹೇಳಿದರು. ಹೊಸ ರಸ್ತೆಯಾದರೆ ಹಗ್ಗ ಎಳೆದು, ಸೀಮೆಸುಣ್ಣದ ಗುರುತು ಹಾಕಿ ಹೊರಟರಾಯಿತು. ಹಳೆಯ ರಸ್ತೆಯಲ್ಲಿ ಹಳೆಯ ಗೆರೆಯ ಮೇಲೆಯೇ ಹೊಸದು ಕೂರಬೇಕು. ನಾಲ್ಕು ಬೆರಳು ಆಚೀಚೆಯಾದರೆ ರಾತ್ರಿ ಎರಡು ಗೆರೆ ಕಂಡು ಚಾಲಕನಿಗೆ ಗೊಂದಲ. ಹೊರದೇಶಗಳಲ್ಲಿ ಹಳೆಯ ಗೆರೆಯನ್ನು ಕ್ಯಾಮೆರಾದಿಂದ ಗುರುತಿಸಿ, ಅದರ ಮೇಲೆಯೇ ಬಣ್ಣ ಬಿಡುವ, ಗೆರೆ ಮುಗಿದಲ್ಲಿ ತಾನೇ ನಿಲ್ಲುವ ಯಂತ್ರಗಳಿವೆ, ಅವುಗಳಿಗೂ ಪೇಟೆಂಟ್‌ಗಳಿವೆ. ಇಲ್ಲಿ ಒಬ್ಬರು ಟಾರ್ಚ್ ಹಿಡಿದು ಮುಂದೆ ನಡೆಯುತ್ತಿದ್ದರು, ಅವರೇ ಕ್ಯಾಮೆರಾ.

ಅಂದು ರಾತ್ರಿ ಉದ್ದದ ಗೆರೆಗಳೆಲ್ಲ ಹಾಲಿನಂತೆ ಹೊಳೆದವು. ಝೀಬ್ರಾ ಕ್ರಾಸಿಂಗ್ ಮಾತ್ರ ಹಾಗೆಯೇ ಉಳಿಯಿತು. ಕೇಳಿದರೆ, "ನಮ್ಮ ಪಟ್ಟಿಯಲ್ಲಿ ಅದಿಲ್ಲ" ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ, ಕೊಟ್ಟ ಅಳತೆಗೆ ಮಾತ್ರ ಕೂಲಿ ಸಿಗುವವರು. ಅಕೌಂಟೆನ್ಸಿ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ರಸ್ತೆ ಕ್ಯಾಪಿಟಲ್ ಎಕ್ಸ್‌ಪೆಂಡಿಚರ್: ಉದ್ಘಾಟನೆ, ಫೋಟೊ, ಕಲ್ಲಿನ ಫಲಕ ಎಲ್ಲ ಇರುತ್ತದೆ. ಸವೆದ ಪಟ್ಟಿಗೆ ಮತ್ತೆ ಬಣ್ಣ ರೆವೆನ್ಯೂ ಎಕ್ಸ್‌ಪೆಂಡಿಚರ್. ರಿಪೇರಿ ಖಾತೆಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ರಸ್ತೆ ಗೆರೆಯ ಇತಿಹಾಸದಲ್ಲಿ ನನಗೆ ಮೆಚ್ಚುಗೆಯಾದವರು ಕ್ಯಾಲಿಫೋರ್ನಿಯಾದ ಇಂಡಿಯೋ ಊರಿನ ವೈದ್ಯೆ ಜೂನ್ ಮೆಕ್‌ಕ್ಯಾರಲ್. 1911ರಲ್ಲೇ ಮಿಶಿಗನ್‌ನಲ್ಲಿ ಎಡ್ವರ್ಡ್ ಹೈನ್ಸ್ ಎಂಬ ಅಧಿಕಾರಿ ರಸ್ತೆಯ ನಡುವೆ ಗೆರೆ ಎಳೆಸಿದ್ದರು, ಸೋರುವ ಹಾಲಿನ ಗಾಡಿ ಬಿಟ್ಟುಹೋದ ಗೆರೆ ನೋಡಿ ಹೊಳೆದದ್ದಂತೆ. ಆದರೆ ಮೆಕ್‌ಕ್ಯಾರಲ್ ಅಧಿಕಾರಿಯಲ್ಲ. 1917ರಲ್ಲಿ ಎದುರಿನಿಂದ ಬಂದ ಲಾರಿಯಿಂದ ತಪ್ಪಿಸಿಕೊಳ್ಳಲು ತನ್ನ ಕಾರನ್ನು ಮರಳಿಗೆ ಇಳಿಸಬೇಕಾಯಿತು. ಸಂಬಂಧಪಟ್ಟವರಿಗೆ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ತಾವೇ ಬಣ್ಣ ತೆಗೆದುಕೊಂಡು ರಸ್ತೆಯ ನಡುವೆ ಬಿಳಿ ಗೆರೆ ಎಳೆದರು. ಮತ್ತೆ ವರ್ಷಗಟ್ಟಲೆ ಪತ್ರ ಬರೆಸಿದರು, ಮಹಿಳಾ ಸಂಘಗಳನ್ನು ಒಟ್ಟುಗೂಡಿಸಿದರು. ರಾಜ್ಯ ಸರಕಾರ ಒಪ್ಪಿದ್ದು 1924ರಲ್ಲಿ. ಏಳು ವರ್ಷ!

ನನ್ನ ತಮ್ಮನಿಗೆ ಈ ಕಥೆ ಹೇಳಿದ್ದೇ ತಡ, ಮನೆಯ ಕಾಂಪೌಂಡಿಗೆ ತಂದು ಉಳಿದಿದ್ದ ಬಿಳಿ ಪೇಂಟ್ ಡಬ್ಬಿ ಹುಡುಕಲು ಹೊರಟ. ಅಬ್ಬಾ ತಡೆದರು. ಗೋಡೆಯ ಪೇಂಟ್ ಒಂದು ಮಳೆಗೂ ಬಾರದು, ಮೇಲಾಗಿ ಒದ್ದೆಯಾದರೆ ಬೈಕ್ ಜಾರುತ್ತದೆ.

ಹಾಗಾಗಿ ಎರಡನೆಯ ಅರ್ಜಿ. ಈ ಸಲ "ಝೀಬ್ರಾ ಕ್ರಾಸಿಂಗ್ ಸವೆದಿದೆ" ಎಂದಷ್ಟೇ ಬರೆದಿಲ್ಲ. ಭಾನುವಾರ ಬೆಳಿಗ್ಗೆ ಬೇಗ, ವಾಹನ ಕಡಿಮೆ ಇರುವಾಗ, ನಾನೂ ತಮ್ಮನೂ ಟೇಪ್ ಹಿಡಿದು ಅಳೆದೆವು. ಒಟ್ಟು ಪಟ್ಟಿ ಹನ್ನೊಂದು, ಪೂರ್ತಿ ಕಾಣುವುದು ಎರಡು, ಅರ್ಧ ಕಾಣುವುದು ಮೂರು, ಉಳಿದವು ಬರೀ ನೆರಳು. ಪ್ರತಿ ಪಟ್ಟಿಯ ಉದ್ದ, ಅಗಲ ಬರೆದು ಒಟ್ಟು ಚದರ ಮೀಟರ್ ತೆಗೆದು ಒಂದು ಕೋಷ್ಟಕ ಮಾಡಿದೆ, ಗಾಜಿನ ಮಣಿ ಎಷ್ಟು ಬೇಕು ಎಂಬುದನ್ನೂ ಸೇರಿಸಿದೆ. ಅಂಗಡಿಯ ಹದಿನಾಲ್ಕು ಗಿರಾಕಿಗಳು, ಇಬ್ಬರು ರಿಕ್ಷಾದವರು ಸಹಿ ಹಾಕಿದರು. ದಾದಿ ಪ್ಲಾಸ್ಟರ್ ಬಿಚ್ಚಿದ ಕೈಯಿಂದ ಉರ್ದುವಿನಲ್ಲಿ ತಮ್ಮ ಹೆಸರು ಬರೆದರು, ಅಕ್ಷರ ಸ್ವಲ್ಪ ಓರೆಯಾಗಿದೆ. ಸ್ವೀಕೃತಿಯ ಸೀಲು ಹೊಡೆಸಿಕೊಂಡ ಪ್ರತಿಯನ್ನು ಅಬ್ಬಾ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಊಟ ಈಗ ನಾನೋ ತಮ್ಮನೋ ತರುತ್ತೇವೆ.