ಪಡಸಾಲೆಯಲ್ಲಿ ಕಂಡ ಚಲನಚಿತ್ರಗಳು



ಚಲನಚಿತ್ರಗಳ ವಿಷಯವಾಗಿ ಬರೆಯಲು ನಾನು ವಿಮರ್ಶಕನಲ್ಲ. ಬಾಗಲಕೋಟೆಯ ನವನಗರದಲ್ಲಿದ್ದುಕೊಂಡು ಪ್ರೌಢಶಾಲೆಯ ಮಕ್ಕಳಿಗೆ ಲೆಕ್ಕ ಕಲಿಸುವ ಸಾಮಾನ್ಯ ಶಿಕ್ಷಕ. ಕಳೆದ ಮಳೆಗಾಲದಲ್ಲಿ ನನ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಎಪ್ಪತ್ತನಾಲ್ಕರ ವಯಸ್ಸು, ಎರಡು ತಿಂಗಳು ಹಾಸಿಗೆ ಬಿಟ್ಟು ಏಳಬಾರದೆಂದು ವೈದ್ಯರು ಹೇಳಿದರು. ಒಂದು ಗಳಿಗೆಯೂ ಸುಮ್ಮನೆ ಕೂರದ ಜೀವಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೇನಿದೆ? ಬೆಂಗಳೂರಿನಲ್ಲಿ ಓದುತ್ತಿರುವ ಮಗನು ರಜೆಗೆ ಬಂದವನು, ಅಜ್ಜಿಯ ಮಂಚವನ್ನು ಹಿಂದಿನ ಪಡಸಾಲೆಗೆ ಸಾಗಿಸಿ, ಟಿ.ವಿ.ಯನ್ನೂ ಅಲ್ಲಿಯೇ ಇರಿಸಿದನು. ಹೀಗೆ ನಮ್ಮ ಮನೆಯಲ್ಲಿ ಭಾನುವಾರ ಸಂಜೆಯ ಚಿತ್ರಪ್ರದರ್ಶನ ಆರಂಭವಾಯಿತು. ಅಲ್ಲಿ ಕಂಡ ಕೆಲವು ಚಿತ್ರಗಳ ಬಗ್ಗೆ ನನಗೆ ತೋಚಿದ್ದನ್ನೂ, ಅವ್ವ ಆಡಿದ ಮಾತುಗಳನ್ನೂ ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಮೊದಲನೆಯ ಭಾನುವಾರ ಆಯ್ಕೆ ಅವ್ವನದೇ. ‘ಬಂಗಾರದ ಮನುಷ್ಯ’. 1972ರಲ್ಲಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ, ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಅವ್ವ ಮದುವೆಯಾದ ಹೊಸತರಲ್ಲಿ ತವರೂರು ಬಾದಾಮಿಯ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ನೋಡಿದ್ದಳಂತೆ. ಈಗ ನೋಡಿದರೆ ಚಿತ್ರ ಕೊಂಚ ದೀರ್ಘವೆನಿಸುತ್ತದೆ. ಉಪದೇಶವೂ ಹೆಚ್ಚೆಂದು ನನ್ನ ಮಗನ ದೂರು. ಆದರೆ ಅಕ್ಕನ ಸಂಸಾರಕ್ಕಾಗಿ ಬಂಜರು ಭೂಮಿಯನ್ನು ಹಸನು ಮಾಡಿದ ರಾಜೀವನು, ಕಡೆಗೆ ತಾನೇ ಕಟ್ಟಿ ನಿಲ್ಲಿಸಿದ ಮನೆಯಲ್ಲಿ ಚುಚ್ಚುಮಾತು ಕೇಳಿ, ಯಾರಿಗೂ ಎದುರಾಡದೆ ಹೊರಟುಹೋಗುವಾಗ ಆ ಮಗನೂ ಮೊಬೈಲನ್ನು ಕೆಳಗಿಟ್ಟಿದ್ದನ್ನು ನಾನು ಕಂಡೆ. ಐವತ್ತು ವರ್ಷ ಕಳೆದರೂ ಆ ದೃಶ್ಯಕ್ಕೆ ಮುಪ್ಪು ಬಂದಿಲ್ಲ.

ಎರಡನೆಯದು ಮಗನ ಆಯ್ಕೆ, ‘ತಿಥಿ’. ರಾಮ್ ರೆಡ್ಡಿಯವರ ಈ ಚಿತ್ರಕ್ಕೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತು. ಮಂಡ್ಯ ಸೀಮೆಯ ಹಳ್ಳಿಯ ಜನರೇ, ಎಂದೂ ಬಣ್ಣ ಹಚ್ಚದವರು, ಇದರಲ್ಲಿ ಪಾತ್ರಧಾರಿಗಳು. ನೂರೊಂದು ವರ್ಷ ಬದುಕಿದ ಸೆಂಚುರಿ ಗೌಡನೆಂಬ ಮುದುಕ ಸಾಯುತ್ತಾನೆ; ಹನ್ನೊಂದನೆಯ ದಿನದ ತಿಥಿಯೊಳಗೆ ಮೊಮ್ಮಗನಿಗೆ ಹೊಲ ಮಾರುವ ಚಿಂತೆ, ಮಗ ಗಡ್ಡಪ್ಪನಿಗೆ ಯಾವುದರ ಚಿಂತೆಯೂ ಇಲ್ಲ. ಅವ್ವ ನಕ್ಕೂ ನಕ್ಕೂ ಕಾಲಿನ ನೋವನ್ನು ಮರೆತಳು. ನಡುನಡುವೆ ಮಾತ್ರ, “ತಮ್ಮಾ, ಈ ಮಂದಿ ಏನ್ ಮಾತಾಡ್ತಾರೋ ಒಂದೂ ತಿಳಿವಲ್ದು” ಎಂದು ಚಿತ್ರವನ್ನು ನಿಲ್ಲಿಸುತ್ತಿದ್ದಳು. ಮಂಡ್ಯದವರ ಮಾತು ಅಷ್ಟು ಸಹಜವಾಗಿ ಬಂದಿದೆ ಎಂದರೆ ಅದು ಚಿತ್ರದ ಗೆಲುವು. ಆದರೆ ನಮ್ಮ ಕಡೆಯ ಮಾತಿಗೆ ಈ ಭಾಗ್ಯ ಎಷ್ಟು ಸಲ ದೊರೆತಿದೆ? ನಾಗಾಭರಣರ ‘ಸಂತ ಶಿಶುನಾಳ ಷರೀಫ’ (1990) ಮುಂತಾದ ಕೆಲವನ್ನು ಬಿಟ್ಟರೆ, ಉತ್ತರ ಕರ್ನಾಟಕದವನು ತೆರೆಯ ಮೇಲೆ ಬಾಯಿ ತೆರೆದನೆಂದರೆ ನಗಿಸುವುದಕ್ಕೇ ಬಂದನೆಂದು ಲೆಕ್ಕ. ನಮ್ಮ ಮನೆಗಳಲ್ಲಿ ಅಳುವುದೂ, ಸಂತೈಸುವುದೂ, ಪ್ರಾರ್ಥಿಸುವುದೂ ಇದೇ ಮಾತಿನಲ್ಲಿ ಎಂಬುದನ್ನು ಚಿತ್ರ ತೆಗೆಯುವವರು ಬಲ್ಲರೋ ಇಲ್ಲವೋ!

ಮೂರನೆಯ ವಾರ ನಾನು ಹಟ ಮಾಡಿ ತೋರಿಸಿದ್ದು ಡೆನ್ಮಾರ್ಕಿನ ‘ಬ್ಯಾಬೆಟ್ಸ್ ಫೀಸ್ಟ್’. ಗೇಬ್ರಿಯಲ್ ಆಕ್ಸೆಲ್ ಅವರ 1987ರ ಈ ಚಿತ್ರವನ್ನು ಪೋಪ್ ಫ್ರಾನ್ಸಿಸ್ ಅವರು ಕುಟುಂಬ ಜೀವನವನ್ನು ಕುರಿತ ತಮ್ಮ 2016ರ ಪ್ರಬೋಧನ ಪತ್ರದಲ್ಲಿ ಹೆಸರಿಸಿದ್ದಾರೆ. ಕಡಲತೀರದ ಒಂದು ಬಡ ಹಳ್ಳಿಯಲ್ಲಿ, ವಯಸ್ಸಾದ ಇಬ್ಬರು ಅಕ್ಕತಂಗಿಯರ ಮನೆಗೆ ಫ್ರಾನ್ಸಿನಿಂದ ತಪ್ಪಿಸಿಕೊಂಡು ಬಂದ ಬ್ಯಾಬೆಟ್ ಎಂಬ ಹೆಂಗಸು ಅಡುಗೆಯವಳಾಗಿ ನಿಲ್ಲುತ್ತಾಳೆ. ವರ್ಷಗಳ ಮೇಲೆ ಲಾಟರಿಯಲ್ಲಿ ಅವಳಿಗೆ ಹತ್ತು ಸಾವಿರ ಫ್ರಾಂಕ್ ಬರುತ್ತದೆ. ಆ ಹಣವನ್ನೆಲ್ಲ ಸುರಿದು ಅವಳು ಹನ್ನೆರಡು ಜನರಿಗೆ ಒಂದು ರಾತ್ರಿಯ ಊಟವನ್ನು ಬಡಿಸುತ್ತಾಳೆ. ಊಟ ಸಾಗಿದಂತೆ ಮೇಜಿನ ಸುತ್ತ ಇದ್ದವರ ಹಳೆಯ ಮುನಿಸುಗಳು ಕರಗುತ್ತವೆ. ಅವ್ವನಿಗೆ ಓದು ಬಾರದು. ಕೆಳಗೆ ಮೂಡುವ ಅಕ್ಷರಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕ್ಷಮೆ, ಔದಾರ್ಯ ಎಂದೆಲ್ಲ ನಾನು ವಿವರಿಸುತ್ತಿರಲು ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ಇಷ್ಟೆಲ್ಲಾ ಮಾಡಿ ಹಾಕಿದಾಕಿ ಉಂಡಳೋ ಇಲ್ಲೋ?” ನನಗೆ ನಗು ಬಂದಿತು. ಆ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲವೆಂದು ತಿಳಿದದ್ದು ಮುಂದಿನ ಭಾನುವಾರ.

ಆ ದಿನ ಇಳಕಲ್ಲಿನಿಂದ ತಂಗಿ ಬಂದಿದ್ದಳು. ಅವಳದು ನೇಕಾರರ ಓಣಿಯ ಸಂಸಾರ. ಮಗ್ಗಕ್ಕೆ ಬಿಡುವು ಸಿಕ್ಕ ದಿನ ಹುನಗುಂದದ ಮೇಲೆ ಬಸ್ಸು ಹಿಡಿದು, ಅಮೀನಗಡದಲ್ಲಿ ಇಳಿದು ಅವ್ವನಿಗೆಂದು ಕರದಂಟು ಕೊಂಡು ಬರುವುದು ಅವಳ ರೂಢಿ. ಎಲ್ಲರೂ ಕೂಡಿ ನೋಡಿದ್ದು ‘ದ್ವೀಪ’. ಗಿರೀಶ ಕಾಸರವಳ್ಳಿಯವರ ಈ ಚಿತ್ರ ಬಂದದ್ದು 2002ರಲ್ಲಿ. ಅತ್ಯುತ್ತಮ ಚಿತ್ರಕ್ಕಾಗಿ ರಾಷ್ಟ್ರೀಯ ಸ್ವರ್ಣಕಮಲ ಪಡೆಯಿತು. ಇದನ್ನು ನಿರ್ಮಿಸಿ, ನಾಗಿಯ ಪಾತ್ರವನ್ನೂ ವಹಿಸಿದ ಸೌಂದರ್ಯ ಅವರು 2004ರ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮೂಲ ಕಾದಂಬರಿ ನಮ್ಮವರೇ ಆದ ಸಾಗರದ ನಾ. ಡಿಸೋಜ ಅವರದು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ನೆಲದಲ್ಲಿ ದುಡಿದು, ಮುಳುಗಡೆಯಾದವರ ಬದುಕನ್ನು ಕಣ್ಣಾರೆ ಕಂಡು ಬರೆದವರು ಅವರು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಅವರು 2025ರ ಜನವರಿಯಲ್ಲಿ ನಮ್ಮನ್ನು ಅಗಲಿದರು.

ಅಣೆಕಟ್ಟಿನ ಹಿನ್ನೀರು ಏರುತ್ತಿದೆ. ಊರವರು ಪರಿಹಾರ ಪಡೆದು ಗುಡ್ಡದಿಂದ ಇಳಿದು ಹೋಗುತ್ತಾರೆ. ದೇವಸ್ಥಾನದ ಪೂಜೆಯ ಗಣಪ, ಅವನ ಮುದಿ ತಂದೆ, ಹೆಂಡತಿ ನಾಗಿ ಮಾತ್ರ ಉಳಿಯುತ್ತಾರೆ. ಮಳೆ ಸುರಿದಂತೆ ಗುಡ್ಡವೇ ದ್ವೀಪವಾಗುತ್ತದೆ. ಮನೆಯನ್ನೂ ಗಂಡನನ್ನೂ ಹಿಡಿದು ನಿಲ್ಲಿಸುವವಳು ನಾಗಿ. ಕಡೆಗೆ ಮಳೆ ನಿಂತು ನೀರು ಇಳಿಯುವಾಗ ಗಣಪನು ಅದನ್ನೆಲ್ಲ ದೇವರ ಕೃಪೆಯೆಂದು ಕೈಮುಗಿಯುತ್ತಾನೆ. ನಾಗಿಯ ಹೆಸರು ಅವನ ಬಾಯಲ್ಲಿ ಬರುವುದಿಲ್ಲ.

ಚಿತ್ರ ಮುಗಿಯಿತು. ಅವ್ವ ಬಹಳ ಹೊತ್ತು ಏನೂ ಆಡಲಿಲ್ಲ. ಆಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಹೇಳಿದಳು: “ದೇವರು ಮಾಡ್ಯಾನ ಅಂತಾನಲ್ಲೋ ತಮ್ಮಾ. ಅಕಿ ಸತ್ತು ಸುಣ್ಣ ಆದ್ಲಲ್ಲ, ಅದು ಯಾರ ಲೆಕ್ಕಕ್ಕ ಹೋತು?”

ಓದುಗರೇ, ನಮ್ಮದೂ ಮುಳುಗಡೆಯ ಮನೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ನುಗ್ಗಿ ಇಪ್ಪತ್ತು ವರ್ಷಗಳ ಮೇಲಾಯಿತು. ನಮ್ಮ ಮಾಳಿಗೆ ಮನೆ ಅಲ್ಲಿಯೇ ಇತ್ತು. ನವನಗರದ ಈ ಮನೆಯ ಬಾಗಿಲ ಮೇಲೆ ತಂದೆಯವರ ಹೆಸರಿದೆ. ಅದರ ಕೆಳಗೆ ‘ದೇವರ ಕೃಪೆ’ ಎಂದು ಕೆತ್ತಿಸಿದ್ದೇವೆ. ಮನೆಯ ಆಶೀರ್ವಾದವಾದ ದಿನ ಪ್ರತಿ ವರ್ಷವೂ ನಾವು ಕೂಡಿ ಪ್ರಾರ್ಥಿಸುತ್ತೇವೆ. ದೇವರಿಗೂ, ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದ ತೀರಿಹೋದ ತಂದೆಯವರಿಗೂ ವಂದನೆ ಹೇಳುವವನು ನಾನೇ.

ತಂಗಿ ತಲೆಯೆತ್ತಿ ಮಾಡನ್ನು ನೋಡಿದಳು. ಹಳೆಯ ಮನೆಯ ಜಂತಿಗಳನ್ನೇ ಈ ಪಡಸಾಲೆಗೆ ಹಾಕಿಸಿದ್ದೇವೆ. ಅವುಗಳ ಒಂದು ಕೊನೆಯಲ್ಲಿ ಸುಣ್ಣದ ಗೀಟುಗಳಿವೆ: ಒಂದರ ಮೇಲೆ ಒಂದು, ಇನ್ನೊಂದರ ಮೇಲೆ ಎರಡು, ಮತ್ತೊಂದರ ಮೇಲೆ ಮೂರು. ಬಡಿಗರ ಗುರುತೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

“ಅಣ್ಣಾ, ಅವು ಬಡಿಗ್ಯಾರು ಹಾಕಿದ್ದಲ್ಲ. ಅವ್ವ ಹಾಕಿದ್ದು” ಎಂದಳು.

ಆಗ ನಾನು ಹೊಸ ನೌಕರಿಯ ಉತ್ಸಾಹದಲ್ಲಿ ತಂದೆಯವರೊಡನೆ ನವನಗರದ ಬಾಡಿಗೆ ಕೋಣೆಯಲ್ಲಿದ್ದೆ. ಅವ್ವ, ಹದಿನೈದರ ತಂಗಿ, ಹಾಸಿಗೆ ಹಿಡಿದಿದ್ದ ನಮ್ಮ ಅಜ್ಜಿ ಹಳೆಯ ಮನೆಯಲ್ಲಿ ಉಳಿದಿದ್ದರು. ಮಾಳಿಗೆ ಬಿಚ್ಚಿಸಿದವಳು ಅವ್ವ. ಯಾವ ಜಂತಿಯ ಪಕ್ಕ ಯಾವುದು ಬರಬೇಕೆಂದು ಮರೆಯದಿರಲು, ಅಂಕೆ ಬಾರದವಳು ಗೀಟು ಎಳೆದಳು. ಬೀಸುವ ಕಲ್ಲನ್ನೂ, ನಾವು ಮಲಗಿದ ತೊಟ್ಟಿಲನ್ನೂ ಚಕ್ಕಡಿಗೆ ಹೇರಿಸಿದಳು. ಹೊಸ ಮನೆಯ ಸ್ಲ್ಯಾಬಿಗೆ ಹಣ ಕಡಿಮೆ ಬಿದ್ದಾಗ ತನ್ನ ಪಾಟ್ಲಿಗಳನ್ನು ಮಾರಿದಳು. ಇಷ್ಟನ್ನೂ ಆ ಸಂಜೆ ಹೇಳಿದವಳು ತಂಗಿ. ಅವ್ವ ಮಾತ್ರ, “ಸಾಕ ಬಿಡ, ಮುಗದದ್ದು ಯಾಕ?” ಎನ್ನುತ್ತಲೇ ಇದ್ದಳು. ಲೆಕ್ಕದ ಮಾಸ್ತರನಾದ ನಾನು ದಿನವೂ ಆ ಗೀಟುಗಳ ಕೆಳಗೆ ಕುಳಿತಿದ್ದೆ. ಎಣಿಸಿದ್ದೆನೇ ಹೊರತು ಯಾರು ಬರೆದರೆಂದು ಕೇಳಿರಲಿಲ್ಲ.

ದೇವರಿಗೆ ಕೃತಜ್ಞತೆ ಹೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಆ ಕೃಪೆ ಯಾರ ಕೈಗಳಿಂದ ಮನೆಯೊಳಗೆ ಬಂದಿತೋ ಆ ಕೈಗಳನ್ನು ಮರೆಯುವುದಕ್ಕೆ ನಮ್ಮ ಭಕ್ತಿ ನೆಪವಾಗಬಾರದಲ್ಲವೇ? ಗಣಪನು ಕೆಟ್ಟವನಲ್ಲ, ನನ್ನ ಹಾಗೆ, ನೋಡುವುದನ್ನು ಮರೆತವನು.

ಆಲಮಟ್ಟಿಯ ನೀರು ಈಗ 519.60 ಮೀಟರಿನವರೆಗೆ ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿಯು 2010ರಲ್ಲಿಯೇ ಒಪ್ಪಿಗೆ ನೀಡಿದೆ. ಅದು ಏರಿದ ದಿನ ಇನ್ನೂ ಎಷ್ಟೋ ಹಳ್ಳಿಗಳ ಅವ್ವಂದಿರು ಜಂತಿ ಬಿಚ್ಚಿಸಬೇಕಾಗುತ್ತದೆ. ಪರಿಹಾರದ ಕಾಗದದಲ್ಲಿ ಎಕರೆಗೆ, ಗೋಡೆಗೆ, ಮರಕ್ಕೆ ಬೆಲೆ ಬರೆಯುತ್ತಾರೆ. ಈ ದುಡಿತವನ್ನು ಬರೆಯುವ ಕಾಲಂ ಅದರಲ್ಲಿಲ್ಲ. ಅದನ್ನು ಮನೆಯವರೇ ನೆನಪಿಡಬೇಕು.

ಚಿತ್ರಗಳನ್ನು ಮನೆಯಲ್ಲಿ ಕೂಡಿ ನೋಡಿರೆಂದು ನಾನು ಹೇಳುವುದು ಇದಕ್ಕಾಗಿಯೇ. ಟಾಕೀಸಿನಲ್ಲಿ ದೀಪ ಹತ್ತಿದೊಡನೆ ಎದ್ದು ಹೊರಡುತ್ತೇವೆ. ಮನೆಯಲ್ಲಿ ಹಾಗಲ್ಲ, ಚಿತ್ರ ಮುಗಿದ ಮೇಲೂ ಒಂದು ಗಳಿಗೆ ಕುಳಿತರೆ ಹಿರಿಯರು ಬಾಯಿ ತೆರೆಯುತ್ತಾರೆ. ಅವರ ಪ್ರಶ್ನೆ ಬಾಲಿಶವೆಂದು ತೋರಿದರೂ ನಗಬೇಡಿ.

ಅವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ. ಈ ವರ್ಷ ಮನೆಯ ಪ್ರಾರ್ಥನೆಯ ದಿನ ನಾನು ಅವಳ ಹೆಸರನ್ನೂ ಹೇಳಿ ವಂದಿಸಿದೆ. ಅವಳು ಇಳಕಲ್ಲ ಸೀರೆಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, “ಲಗೂನ ಮುಗಸ್ರೋ, ಅನ್ನ ಆರ್ತೈತಿ” ಎಂದಳು. ಅಂದು ನಮ್ಮೆಲ್ಲರಿಗಿಂತ ಮೊದಲು ತಾಟಿನ ಮುಂದೆ ಅವಳನ್ನು ಕೂಡಿಸಿದೆವು.