ಕುದುರೆಯ ಬಾಯಿ, ಬಾತುಕೋಳಿಯ ನಡಿಗೆ

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳ ಕೊನೆಯ ಪುಟಗಳಲ್ಲಿ ನುಡಿಗಟ್ಟುಗಳ ಒಂದು ಪಟ್ಟಿ ಇರುತ್ತದೆ. ಎಡಗಡೆ ನುಡಿಗಟ್ಟು, ಬಲಗಡೆ ಅರ್ಥ. ‘ಡಾರ್ಕ್ ಹಾರ್ಸ್’ ಎಂದರೆ ಯಾರೂ ಎಣಿಸದೆ ಇದ್ದಾಗ ಗೆಲ್ಲುವವನು, ‘ರೆಡ್ ಹೆರಿಂಗ್’ ಎಂದರೆ ದಾರಿ ತಪ್ಪಿಸುವ ಸಂಗತಿ, ‘ಲೇಮ್ ಡಕ್’ ಎಂದರೆ ಅಧಿಕಾರ ಮುಗಿಯುತ್ತ ಬಂದವನು. ನಮ್ಮಲ್ಲಿ ಎಷ್ಟೋ ತಲೆಮಾರು ಇದನ್ನು ಉರುಹೊಡೆದು ಅಂಕ ಗಳಿಸಿದೆ. ಆ ಪಟ್ಟಿಯ ಮೇಲೆ ನನಗಿರುವ ತಕರಾರು ಒಂದೇ: ಅದರಲ್ಲಿ ಪ್ರಾಣಿಯೇ ಇರುವುದಿಲ್ಲ. ಕುದುರೆ, ಮೀನು, ಬಾತುಕೋಳಿ ಎಲ್ಲವೂ ಅರ್ಥಕ್ಕೆ ಜಾಗ ಬಿಟ್ಟುಕೊಟ್ಟು ಹೊರಟುಹೋಗಿರುತ್ತವೆ. ಆದರೆ ಮಾತಿನ ರುಚಿ ಇರುವುದು ಆ ಪ್ರಾಣಿಯ ಮೈಯಲ್ಲಿ, ನಡೆಯಲ್ಲಿ, ಅದನ್ನು ಸಾಕಿ ದುಡಿಸಿಕೊಂಡವರ ಕಣ್ಣಿನಲ್ಲಿ.

ಕುದುರೆಯನ್ನೇ ನೋಡಿ. ಇಂಗ್ಲೆಂಡಿನಲ್ಲಿ ಉಳುಮೆಗೆ, ಸಾಗಣೆಗೆ, ಅಂಚೆಗೆ, ದಂಡಿಗೆ, ಜೂಜಿಗೆ ಎಲ್ಲಕ್ಕೂ ಅದೇ ಬೇಕಿತ್ತು. ಲಂಡನ್ನಿನ ಬೀದಿಯಲ್ಲಿ ಬಸ್ಸನ್ನು ಎಳೆಯುತ್ತಿದ್ದದ್ದೂ ಅದೇ. ಆ ಊರಿನ ಅತಿ ದೊಡ್ಡ ಬಸ್ ಕಂಪನಿ ಕುದುರೆ ಬಸ್ಸನ್ನು ಪೂರ್ತಿ ನಿಲ್ಲಿಸಿದ್ದು 1911ರಲ್ಲಿ. ಇಷ್ಟು ಕುದುರೆಗಳಿದ್ದ ಕಡೆ ಕುದುರೆ ವ್ಯಾಪಾರವೂ ಜೋರು. ಕೊಳ್ಳುವವನ ಮೊದಲ ಪ್ರಶ್ನೆ ವಯಸ್ಸು. ಮಾರುವವನ ಮಾತನ್ನು ನಂಬುವ ಹಾಗಿಲ್ಲ, ಕುದುರೆಯ ತುಟಿ ಎತ್ತಿ ನೋಡಬೇಕು. 5 ವರ್ಷಕ್ಕೆ ಬಾಯಿ ತುಂಬುತ್ತದೆ. ಆಮೇಲೆ ಬಾಚಿಹಲ್ಲುಗಳ ನೆತ್ತಿಯ ಮೇಲಿನ ಸಣ್ಣ ಕುಳಿಗಳು ಮೇವು ಅಗಿದು ಅಗಿದು ಒಂದೊಂದಾಗಿ ಸವೆಯುತ್ತವೆ. 10ರ ಹೊತ್ತಿಗೆ ಮೇಲುಸಾಲಿನ ಕೊನೆಯ ಬಾಚಿಹಲ್ಲಿನಲ್ಲಿ, ವಸಡಿನ ಅಂಚಿಗೆ, ಒಂದು ಕಂದು ಗೀರು ಕಾಣಿಸಿಕೊಳ್ಳುತ್ತದೆ. ಅದು 15ರ ಸುಮಾರಿಗೆ ಅರ್ಧ ಹಲ್ಲಿನವರೆಗೆ, 20ಕ್ಕೆ ತುದಿಯವರೆಗೆ ಇಳಿದಿರುತ್ತದೆ. ವಸಡು ಹಿಂದೆ ಸರಿದು ಹಲ್ಲು ಉದ್ದವಾದಂತೆ ಕಾಣುತ್ತದೆ. ವಯಸ್ಸು ಮೀರಿದವರನ್ನು ‘ಲಾಂಗ್ ಇನ್ ದ ಟೂತ್’ ಅನ್ನುವುದು ಇದರಿಂದಲೇ. ಮೋಸವೂ ಹಲ್ಲಿನ ಮೂಲಕವೇ ನಡೆಯುತ್ತಿತ್ತು. ಮುದಿ ಕುದುರೆಯ ಸವೆದ ಹಲ್ಲಿನಲ್ಲಿ ಉಳಿಯಿಂದ ಕುಳಿ ಕೊರೆದು, ಅದನ್ನು ಸುಟ್ಟು ಕಪ್ಪಾಗಿಸಿ, ಪ್ರಾಯದ ಕುದುರೆ ಎಂದು ದಾಟಿಸುವ ದಲ್ಲಾಳಿಗಳಿದ್ದರು. ಆ ಕಸುಬಿಗೆ ‘ಬಿಷಪಿಂಗ್’ ಎಂಬ ಹೆಸರೇ ಇತ್ತು.

ಇಷ್ಟು ತಿಳಿದ ಮೇಲೆ, ಉಡುಗೊರೆಗೆ ಬಂದ ಕುದುರೆಯ ಬಾಯಿ ನೋಡಬೇಡ ಎಂಬ ಮಾತಿನ ಮುಜುಗರ ಮನಸ್ಸಿಗೆ ನಾಟುತ್ತದೆ. ಕೊಟ್ಟವನು ಎದುರಿಗೇ ನಿಂತಿದ್ದಾನೆ, ಪಡೆದವನು ತುಟಿ ಎತ್ತಿ ವಯಸ್ಸು ಲೆಕ್ಕ ಹಾಕುತ್ತಿದ್ದಾನೆ! ಕ್ರಿ.ಶ. 400ರ ಸುಮಾರಿಗೆ ಸಂತ ಜೆರೋಮ್ ಲ್ಯಾಟಿನ್ನಿನಲ್ಲಿ ಈ ಮಾತನ್ನು ಬರೆಯುವಾಗಲೇ ಅದನ್ನು ಜನರ ಗಾದೆ ಎಂದು ಕರೆದಿದ್ದಾನೆ. ಇಂಗ್ಲಿಷಿನಲ್ಲಿ ಜಾನ್ ಹೇವುಡ್ 1546ರಲ್ಲಿ ತನ್ನ ಗಾದೆಗಳ ಪುಸ್ತಕಕ್ಕೆ ಸೇರಿಸಿದ. ನಮ್ಮವರಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ದಾನದ ಹಸುವಿನ ಹಲ್ಲು ಎಣಿಸಬಾರದು ಎಂದು ನಾವೂ ಹೇಳಿಕೊಂಡು ಬಂದಿದ್ದೇವೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ನಿಂತರೆ ಕಿವಿಗೆ ಬೀಳುವುದು ಹಲ್ಲಿನ ಲೆಕ್ಕವೇ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ ಎತ್ತು. ‘ಇನ್ನೂ ಆರೇ ಹಲ್ಲು ಕಣಣ್ಣ, ಬೇಕಾದ್ರೆ ಬಾಯಿ ಬಿಡಿಸಿ ನೋಡು’ ಎಂದು ಮಾರುವವನು ಹೇಳುವ ಹೊತ್ತಿಗೆ, ಕೊಳ್ಳುವವನು ಒಂದು ಕೈಯಲ್ಲಿ ಮೂಗುದಾರ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೆಳದುಟಿ ಮಡಿಸಿ ಆಗಿರುತ್ತದೆ.

ಇನ್ನೊಂದು ಬಾಯಿಯೂ ಉಂಟು. ಖುದ್ದು ಬಲ್ಲವರಿಂದಲೇ ಬಂದ ಸುದ್ದಿಯನ್ನು ‘ಕುದುರೆಯ ಬಾಯಿಂದಲೇ’ ಬಂದದ್ದು ಅನ್ನುತ್ತಾರೆ. ಇದು ಜೂಜಿನ ಮೈದಾನದ ಮಾತು. ಯಾವ ಕುದುರೆ ಗೆಲ್ಲುತ್ತದೆ ಎಂದು ಮಾಲೀಕನಿಗಿಂತ ತರಬೇತುದಾರನಿಗೆ ಗೊತ್ತು, ಅವನಿಗಿಂತ ಲಾಯದ ಹುಡುಗನಿಗೆ ಗೊತ್ತು; ಅವನನ್ನೂ ದಾಟಿ ಹೋದರೆ ಉಳಿಯುವುದು ಕುದುರೆಯೇ. ‘ಡಾರ್ಕ್ ಹಾರ್ಸ್’ ಕೂಡ ಅಲ್ಲಿಂದಲೇ ಬಂತು. ನಮ್ಮ ಪತ್ರಿಕೆಗಳು ಚುನಾವಣೆ ಬಂದಾಗಲೆಲ್ಲ ‘ಕಪ್ಪು ಕುದುರೆ’ ಎಂದು ಬರೆಯುತ್ತವೆ, ಆದರೆ ಇಲ್ಲಿ ಬಣ್ಣದ ಮಾತಿಲ್ಲ. ಯಾರಿಗೂ ಮಾಹಿತಿ ಬಿಟ್ಟುಕೊಡದೆ ಕತ್ತಲಲ್ಲಿಟ್ಟು ತಯಾರು ಮಾಡಿದ ಕುದುರೆ ಅದು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಡಿಸ್ರೇಲಿ 1831ರಲ್ಲಿ ಬರೆದ ‘ದ ಯಂಗ್ ಡ್ಯೂಕ್’ ಕಾದಂಬರಿಯಲ್ಲಿ ಅಂಥದೊಂದು ಕುದುರೆ ಓಡಿ ಗೆಲ್ಲುತ್ತದೆ. 1844ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷ ಹಿರಿಯ ನಾಯಕರನ್ನೆಲ್ಲ ಬಿಟ್ಟು ಜೇಮ್ಸ್ ಪೋಕ್‌ನನ್ನು ನಿಲ್ಲಿಸಿತು, ಅವನು ಅಧ್ಯಕ್ಷನೂ ಆದ. ಅಲ್ಲಿಗೆ ಆ ಕುದುರೆ ರಾಜಕೀಯಕ್ಕೆ ಕಾಲಿಟ್ಟಿತು.

ಬಾತುಕೋಳಿ ರಾಜಕೀಯಕ್ಕೆ ಬಂದದ್ದು ಷೇರುಪೇಟೆಯ ಮೂಲಕ. ಲಂಡನ್ನಿನ ಎಕ್ಸ್‌ಚೇಂಜ್ ಗಲ್ಲಿಯಲ್ಲಿ ಸಾಲ ತೀರಿಸಲಾರದೆ ಕೈಯೆತ್ತಿದ ವ್ಯಾಪಾರಿಯನ್ನು ‘ಕುಂಟು ಬಾತು’ ಎಂದು ಕರೆಯುತ್ತಿದ್ದರು. ಅವನು ಮುಖ ತಗ್ಗಿಸಿ, ಅತ್ತ ಇತ್ತ ವಾಲುತ್ತ ಗಲ್ಲಿಯಿಂದ ಹೊರಗೆ ಹೋಗುವ ರೀತಿಗೆ ಆ ಹೆಸರು. ಲೇಖಕ ಹೊರೇಸ್ ವಾಲ್‌ಪೋಲ್ 1761ರ ಒಂದು ಪತ್ರದಲ್ಲಿ ಗೂಳಿ, ಕರಡಿ, ಕುಂಟು ಬಾತು ಅಂದರೇನೆಂದು ಗೊತ್ತೇ ಎಂದು ಗೆಳೆಯನನ್ನು ಕೇಳಿದ್ದಾನೆ. ನೀರಿನಲ್ಲಿ ಅಷ್ಟು ಸಲೀಸಾಗಿ ತೇಲುವ ಹಕ್ಕಿ ನೆಲದ ಮೇಲೆ ಪಡುವ ಪಾಡನ್ನು ದಿನವೂ ಕಂಡವರಿಗೆ ಮಾತ್ರ ಇಂಥ ಮಾತು ಹೊಳೆಯಬಲ್ಲದು. ಅಮೆರಿಕದಲ್ಲಿ ನವೆಂಬರಿನಲ್ಲಿ ಸೋತವರು ಮಾರ್ಚ್‌ವರೆಗೂ ಕುರ್ಚಿಯಲ್ಲಿ ಉಳಿಯುತ್ತಿದ್ದರು. 1933ರ ಇಪ್ಪತ್ತನೆಯ ತಿದ್ದುಪಡಿ ಆ ಅವಧಿಯನ್ನು ಜನವರಿಗೆ ಇಳಿಸಿತು, ಜನ ಅದನ್ನು ‘ಲೇಮ್ ಡಕ್ ತಿದ್ದುಪಡಿ’ ಎಂದೇ ಕರೆದರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹೆರಿಂಗ್ ಮೀನು. ಉಪ್ಪು ಹಾಕಿ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸಿದರೆ ಅದು ಕೆಂಪು ಕಂದು ಬಣ್ಣಕ್ಕೆ ತಿರುಗುತ್ತದೆ, ವಾಸನೆ ಮೂಗಿಗೆ ಅಡರುತ್ತದೆ. 1807ರಲ್ಲಿ ಪತ್ರಕರ್ತ ವಿಲಿಯಂ ಕಾಬೆಟ್ ಒಂದು ಕಥೆ ಬರೆದ: ಹುಡುಗನೊಬ್ಬ ಇಂಥ ಮೀನನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ, ಮೊಲದ ಜಾಡು ಹಿಡಿದ ಬೇಟೆನಾಯಿಗಳನ್ನು ಬೇರೆ ಕಡೆಗೆ ತಿರುಗಿಸಿಬಿಟ್ಟ. ನೆಪೋಲಿಯನ್ ಸೋತನೆಂಬ ಸುಳ್ಳು ಸುದ್ದಿಯ ಬೆನ್ನು ಹತ್ತಿ, ದೇಶದೊಳಗಿನ ಮುಖ್ಯ ಸಂಗತಿಗಳನ್ನು ಮರೆತ ಪತ್ರಿಕೆಗಳನ್ನು ಚುಚ್ಚಲು ಅವನು ಆ ಕಥೆ ಹೇಳಿದ್ದು. ಇನ್ನೂರು ವರ್ಷ ದಾಟಿದರೂ ಆ ವಾಸನೆ ಆರಿಲ್ಲ. ಇಂದಿನ ಸುದ್ದಿವಾಹಿನಿಗಳ ಮುಂದೆ ಕೂತಾಗಲೂ ಆ ಹುಡುಗ ನನಗೆ ನೆನಪಾಗುತ್ತಾನೆ.

ಕಂಡು ಆಡಿದ ಮಾತುಗಳ ಜೊತೆಗೆ ಬರೀ ಕೇಳಿ ಆಡಿದ ಮಾತುಗಳೂ ಇವೆ. ಉಷ್ಟ್ರಪಕ್ಷಿ ಮರಳಿನಲ್ಲಿ ತಲೆ ಹುಗಿಯುವುದಿಲ್ಲ. ನೆಲದ ಗುಂಡಿಯಲ್ಲಿಟ್ಟ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಲು ತಲೆ ಬಗ್ಗಿಸುತ್ತದೆ. ಸಂಸಾರದ ಜವಾಬ್ದಾರಿ ಹೊತ್ತ ಹಕ್ಕಿಗೆ ಹೇಡಿಯ ಪಟ್ಟ ಕಟ್ಟಿದ್ದು ಅನ್ಯಾಯ. ಮೊಸಳೆ ಕಣ್ಣೀರಿನ ಕಥೆ ಬೇರೆ. ಅದು ನಮಗೂ ಸ್ವಂತದ ಮಾತೇ ಆಗಿದೆ. ಫ್ಲಾರಿಡಾದಲ್ಲಿ ಮೊಸಳೆಯ ಬಳಗದ ಆಲಿಗೇಟರ್, ಕೈಮನ್‌ಗಳಿಗೆ ಆಹಾರ ಹಾಕಿ ನೋಡಿದ ಸಂಶೋಧಕರಿಗೆ ತಿನ್ನುವಾಗ ಹಲವುಗಳ ಕಣ್ಣು ನಿಜವಾಗಿಯೂ ಒದ್ದೆಯಾದದ್ದು ಕಂಡಿತು. ವರದಿ 2007ರಲ್ಲಿ ಪ್ರಕಟವಾಯಿತು. ದುಃಖಕ್ಕೂ ಆ ನೀರಿಗೂ ಸಂಬಂಧವಿಲ್ಲ.

ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಮೇಷ್ಟರು, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ನುಡಿಗಟ್ಟಿನ ಅರ್ಥ ಬರೆಸುವ ಮೊದಲು ಆ ಪ್ರಾಣಿಯನ್ನು ತರಗತಿಗೆ ಕರೆತನ್ನಿ. ಹಲ್ಲು ನೋಡಿ ಎತ್ತು ಕೊಂಡ ತಾತಂದಿರು ಇನ್ನೂ ಎಷ್ಟೋ ಮನೆಗಳಲ್ಲಿದ್ದಾರೆ. ಕುದುರೆಯ ಬಾಯಿಯ ಪಾಠ ಬಂದ ದಿನ ಮಕ್ಕಳನ್ನು ಮೊದಲು ಅವರ ಹತ್ತಿರ ಕಳಿಸಿ.